ಬಲ ಭುಜ ತಗ್ಗಿಸಲು ಸಿಲೋನಿಗೆ ಹೋದದ್ದು

ಸಿಲೋನಿಗೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಕಡೆಯವರು ಕೇಳುವುದು ಎರಡೇ ಪ್ರಶ್ನೆ. ರಾವಣನ ಅರಮನೆ ನೋಡಿದಿರಾ ಎನ್ನುವುದು ಒಂದು, ಸೀತೆ ಕೂತಿದ್ದ ಮರ ಇನ್ನೂ ಇದೆಯಾ ಎನ್ನುವುದು ಇನ್ನೊಂದು. ಎರಡನ್ನೂ ನಾನು ನೋಡಲಿಲ್ಲ. ಎರಡು ತೋಳಿಗೂ ಸೂಜಿ ಚುಚ್ಚಿಸಿಕೊಂಡು, ಸಮುದ್ರದಲ್ಲಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿಕೊಂಡು, ಅಷ್ಟು ದೂರ ಹೋಗಿ ನಾನು ನೋಡಿ ಬಂದದ್ದು ನನ್ನ ಗಂಡನನ್ನು. ಹೀಗೆ ಹೇಳಿದರೆ ಜನ ನಗುತ್ತಾರೆ. ನಗಲಿ, ಆದರೆ ಪೂರ್ತಿ ಕೇಳಿದ ಮೇಲೆ ನಗಲಿ.

ಆಲೂರು

ನಮ್ಮದು ಆಲೂರಿನಲ್ಲಿ ಕಾಫಿ, ಮೆಣಸು, ಭತ್ತ ಕೊಳ್ಳುವ ಮಂಡಿ. ಮಂಡಿಯ ಬೆನ್ನಿಗೇ ಮನೆ. ಮನೆ ತುಂಬ ಜನ, ಒಲೆ ಮಾತ್ರ ಒಂದೇ. ಅಲ್ಲಿ ಗಂಡ ಹೆಂಡತಿ ಹಗಲಲ್ಲಿ ಎರಡು ಮಾತಾಡಿದರೆ ಅದು ಅಡುಗೆಮನೆಯಿಂದ ಕೊಟ್ಟಿಗೆಯವರೆಗೆ ಎಲ್ಲರ ಬಾಯಲ್ಲೂ ಒಂದು ಸುತ್ತು ತಿರುಗಿ ಬರುತ್ತಿತ್ತು. ಯಜಮಾನಿಕೆ ನಮ್ಮ ಭಾವನವರದು, ಅಂದರೆ ನಮ್ಮವರ ಅಣ್ಣನದು. ತಮ್ಮನ ಹೆಂಡತಿ ಭಾವನ ಎದುರು ನಿಲ್ಲುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಮಾತಾಡುವುದಂತೂ ದೂರದ ಮಾತು. ಅವರು ಒಳಗೆ ಬಂದರೆ ನಾನು ಬಾಗಿಲ ಹಿಂದೆ, ಅವರು ಹೊರಗೆ ಹೋದರೆ ನಾನು ನಡುಮನೆಗೆ. ಮದುವೆಯಾಗಿ ಬಂದಾಗಿನಿಂದ ಹಾಗೇ ನಡೆದಿತ್ತು.

ಅಂಥ ಮನೆಯಲ್ಲಿ ನಮ್ಮಿಬ್ಬರಿಗೆ ಅಂತ ಇದ್ದ ಒಂದೇ ಕೋಣೆ ನಮ್ಮವರ ಬೈಕು. ಮುನ್ನೂರೈವತ್ತು ಸಿಸಿಯ ಇಂಗ್ಲಿಷ್ ಗಾಡಿ, ಯಾವುದೋ ದೊರೆ ಎಸ್ಟೇಟ್ ಮಾರಿ ಹೋಗುವಾಗ ಬಿಟ್ಟು ಹೋದದ್ದು. ನನ್ನ ತವರು ಸಕಲೇಶಪುರದ ಆಚೆ, ಘಾಟಿಯ ಅಂಚಿನ ಹೆಗ್ಗದ್ದೆ. ಆ ಕಡೆಯ ತೋಟಗಳಲ್ಲಿ ಕಾಫಿ ನೋಡಿ ಬರುವ ನೆಪ ಅವರಿಗೆ, ಅಮ್ಮನನ್ನು ನೋಡಿ ಬರುವ ನೆಪ ನನಗೆ. ಆಲೂರು ದಾಟಿದ ಮೇಲೆ ನಾವು ಮಾತಾಡಲು ಶುರುಮಾಡಿದರೆ ಹೆಗ್ಗದ್ದೆಯ ಮನೆ ಮುಂದೆ ಬೈಕು ನಿಂತಾಗಲೇ ನಿಲ್ಲಿಸುತ್ತಿದ್ದದ್ದು. ಮಗಳಿಗೆ ಏನು ಹೆಸರಿಡಬೇಕು ಎಂದು ಇಬ್ಬರೂ ಒಪ್ಪಿದ್ದು ಬೈಕಿನ ಮೇಲೆ. ನಮ್ಮ ಏಕೈಕ ದೊಡ್ಡ ಜಗಳ ಆದದ್ದೂ ಅದರ ಮೇಲೆಯೇ, ಯಾರಿಗೂ ಕೇಳಿಸದ ಹಾಗೆ.

ನಾನು ಕೂರುತ್ತಿದ್ದದ್ದು ಎಲ್ಲ ಹೆಂಗಸರ ಹಾಗೆ, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು, ಸೀರೆ ನೆರಿಗೆ ಚಕ್ರಕ್ಕೆ ಸಿಗದಂತೆ ಮಡಿಲಲ್ಲಿ ಒತ್ತಿಕೊಂಡು. ಎಡಗೈ ಹಿಂದಿನ ಕಂಬಿಗೆ, ಬಲಗೈ ಅವರ ಬಲ ಭುಜಕ್ಕೆ. ಎಡಕ್ಕೆ ಮುಖ ಮಾಡಿ ಕೂತವಳಿಗೆ ಬಲವೆಂದರೆ ಬೆನ್ನ ಹಿಂದೆ. ಹಾಗಾಗಿ ಬೈಕು ಬಲಕ್ಕೆ ವಾಲಿತೆಂದರೆ ನಾನು ಅಂಗಾತ ಬೀಳುವವಳ ಹಾಗೆ ಹಿಂದಕ್ಕೆ ಹೋಗುತ್ತಿದ್ದೆ. ಆಗ ಆ ಭುಜವನ್ನು ಜೋರಾಗಿ ಹಿಡಿದುಕೊಳ್ಳುತ್ತಿದ್ದೆ. ಬಿದ್ದದ್ದು ಒಮ್ಮೆಯೂ ಇಲ್ಲ.

ಮಾರನಹಳ್ಳಿ

ಸಿಲೋನಿನ ಹುಚ್ಚು ಹಿಡಿಸಿದವರು ಸಕಲೇಶಪುರದ ಲಾರಿ ಸಾಹೇಬರು ಖಾದರ್. ಅವರ ಲಾರಿಗಳು ನಮ್ಮ ಕಾಫಿ ಹೊತ್ತು ಮಂಗಳೂರಿಗೆ ಇಳಿಯುತ್ತಿದ್ದವು. ಒಂದು ದಿನ ಮಾರನಹಳ್ಳಿಯ ಹತ್ತಿರ ಖಾದರ್ ಸಾಹೇಬರು ಕೆಟ್ಟ ಲಾರಿಯ ಪಕ್ಕ ಚಹಾ ಕುಡಿಯುತ್ತ ನಿಂತಿದ್ದಾಗ ನಮ್ಮವರು ಒಬ್ಬರೇ ಘಾಟಿ ಹತ್ತಿ ಬಂದರಂತೆ. ಅದನ್ನು ನೋಡಿದ ಸಾಹೇಬರು ಮರುವಾರವೇ ಮಂಡಿಗೆ ಬಂದು ಕೂತರು. ಅವರ ತಂಗಿ ಜುಲೇಖಾಳನ್ನು ಕ್ಯಾಂಡಿಗೆ ಕೊಟ್ಟಿತ್ತು. ಅಲ್ಲಿಗೆ ಹತ್ತಿರದ ನುವಾರ ಎಲಿಯ ಎಂಬ ಬೆಟ್ಟದೂರಿನಲ್ಲಿ ಪ್ರತಿ ಬೇಸಿಗೆ ಬೈಕುಗಳನ್ನು ಒಂದೊಂದಾಗಿ ಬೆಟ್ಟ ಹತ್ತಿಸಿ ಗಡಿಯಾರ ಹಿಡಿಯುತ್ತಾರಂತೆ.

"ಅಲ್ಲಿ ಹತ್ತೋರೆಲ್ಲ ಏನ್ ಮಹಾ. ನಮ್ ರುದ್ರಣ್ಣನ ಮುಂದೆ ನಿಲ್ಲಾಕಿಲ್ಲ ಕಣ್ರೀ," ಎಂದರು ಸಾಹೇಬರು, ನಮ್ಮವರ ಕಡೆ ಕೈ ತೋರಿಸಿ.

ಭಾವನವರು ಬಹಳ ಹೊತ್ತು ಮೆಣಸಿನ ಕಾಳನ್ನು ಅಂಗೈಯಲ್ಲಿ ಉಜ್ಜುತ್ತ ಕೂತಿದ್ದರು. ಬಾಗಿಲ ಹಿಂದಿನಿಂದ ನಾನು ಅಷ್ಟನ್ನೂ ನೋಡುತ್ತಿದ್ದೆ. ಆಮೇಲೆ ತಮ್ಮನಿಗೆ ಹೇಳಿದರು: "ಒಂದ್ಸಲ ಹೋಗ್ಬುಟ್ಟು ಬಾ. ನಾಕು ಜನ ಒಪ್ಪೋ ಹಂಗೆ ಏನಾದ್ರೂ ಗೆದ್ಕಂಡ್ ಬಂದ್ರೆ ಸರಿ. ಬರಿಗೈಲಿ ಬಂದ್ರೆ ಬೈಕು ಮಾರಿ ಮಂಡಿಲಿ ಕೂತ್ಕೊ. ಹೆಗ್ಗದ್ದೆಗೆ ಬಸ್ಸು ಐತೆ." ಸ್ವಲ್ಪ ತಡೆದು ಇನ್ನೊಂದು ಸೇರಿಸಿದರು: "ಆ ಹುಡುಗೀನೂ ಕರ್ಕೊಂಡ್ ಹೋಗು. ಜೊತೇಲಿ ಅವ್ಳಿದ್ರೆ ಹುಚ್ಚಾಟ ಆಡಾಕಿಲ್ಲ ನೀನು."

ನನ್ನನ್ನು ಕಳಿಸಿದ್ದು ಬ್ರೇಕಿನ ಹಾಗೆ. ಅದು ಗೊತ್ತಿದ್ದೂ ನಾನು ಕುಣಿಯುವುದೊಂದು ಬಾಕಿ. ಬೈಕು ಮಾರಿದರೆ ಮುಂದೆ ನಾವಿಬ್ಬರೂ ಎಲ್ಲಿ ಕೂತು ಮಾತಾಡುವುದು ಎಂಬ ಯೋಚನೆ ಬಂದದ್ದು ಮಗಳನ್ನು ಅತ್ತೆಯ ಕೈಗೆ ಕೊಟ್ಟು ರೈಲು ಹತ್ತಿದ ಮೇಲೆ.

ಧನುಷ್ಕೋಡಿ

ಆಗಿನ್ನೂ ಸಮುದ್ರ ಧನುಷ್ಕೋಡಿಯನ್ನು ನುಂಗಿರಲಿಲ್ಲ. ರೈಲು ನೇರ ಮರಳಿನ ತುದಿಯವರೆಗೆ ಹೋಗಿ, ಇನ್ನು ಮುಂದೆ ನೀನುಂಟು ನಿನ್ನ ಹಡಗುಂಟು ಎಂದು ನಿಲ್ಲುತ್ತಿತ್ತು. ನಮ್ಮ ಜೊತೆ ಇಳಿದವರಲ್ಲಿ ಮುಕ್ಕಾಲು ಪಾಲು ಚಹಾ ತೋಟಗಳಿಗೆ ವಾಪಸ್ ಹೊರಟ ತಮಿಳು ಕೂಲಿಗಳು. ಅವರ ಮಾತಿನಲ್ಲಿ ಎಸ್ಟೇಟ್, ಲೈನ್, ಸ್ಟೋರ್ ಎಂಬ ನಮ್ಮ ಶಬ್ದಗಳೇ ಕೇಳಿಬಂದು ನನಗೆ ಅರ್ಧ ಧೈರ್ಯ ಬಂತು. ಹಡಗು ಹತ್ತುವ ಮೊದಲು ರೋಗ ತಡೆಯುವ ಸೂಜಿ ಹಾಕಿದ ಡಾಕ್ಟರರು ಮಾತ್ರ ಯಾರ ಭಾಷೆಯನ್ನೂ ಕೇಳಲಿಲ್ಲ. ಬಲಗೈಗೆ ಒಂದು, ಎಡಗೈಗೆ ಒಂದು.

ಬೈಕನ್ನು ಹಡಗಿಗೆ ಹತ್ತಿಸುವಾಗ ಸಣ್ಣ ಯುದ್ಧವೇ ಆಯಿತು. ಪೆಟ್ರೋಲು ಬಸಿದ ಗಾಡಿಯನ್ನು ಹಲಗೆಯ ಮೇಲೆ ತಳ್ಳಿಕೊಂಡು ಹೋಗಬೇಕು. ಕೂಲಿಯವರು ಬಂದರೆ ಇವರು ಮುಟ್ಟಗೊಡಲಿಲ್ಲ. ತಾನೇ ತಳ್ಳುತ್ತೇನೆ ಎಂದು ಹಟ ಹಿಡಿದರು. ಅರ್ಧ ದಾರಿಯಲ್ಲಿ ಹಲಗೆ ತೂಗಿತು, ಗಾಡಿ ಇವರನ್ನೂ ಕರೆದುಕೊಂಡು ಹಡಗಿನ ಕಬ್ಬಿಣದ ಕಟಕಟೆಗೆ ಗುದ್ದಿತು. ಹ್ಯಾಂಡಲ್ಲಿನ ತುದಿಗೆ ಏಟು ಬಿತ್ತು. ಕೂಲಿಯವರು ಮುಖ ಮುಖ ನೋಡಿಕೊಂಡರು. ಇವರು ಏನೂ ಆಗಿಲ್ಲವೆಂಬಂತೆ ಹ್ಯಾಂಡಲ್ ಒರೆಸುತ್ತ ನಿಂತರು. ಆ ಏಟನ್ನು ನೆನಪಿಡಿ. ಅದರಿಂದ ಮುಂದೆ ನಮಗೆ ಒಂದು ಇಡೀ ದಿನ ಹಾಳಾಯಿತು.

ಸಮುದ್ರದ ವಿಷಯ ಬರೆಯಲಾರೆ. ನಾನು ನೋಡಿದ್ದು ಒಂದು ಬಕೆಟ್ಟಿನ ತಳ ಮಾತ್ರ.

ಕ್ಯಾಂಡಿ

ಕ್ಯಾಂಡಿಯ ನಿಲ್ದಾಣದಲ್ಲಿ ಜುಲೇಖಾ ನಿಂತಿದ್ದಳು. ಹುಟ್ಟಿ ಬೆಳೆದ ಸಕಲೇಶಪುರ ಬಿಟ್ಟು ಬಹಳ ವರ್ಷವಾಗಿದ್ದರೂ ಅವಳ ಕನ್ನಡಕ್ಕೆ ಸಿಲೋನಿನ ಗಾಳಿ ತಾಗಿರಲಿಲ್ಲ. ನನ್ನ ಮುಖ ನೋಡಿದ ಕೂಡಲೇ, "ಏನ್ ಗಿರಿಜಕ್ಕ, ಹಿಂಗಾಗ್ಬುಟ್ಟಿದಿಯ? ಸಮುದ್ರ ಹಿಂಡ್ಬುಡ್ತಾ?" ಎಂದಳು. ಪರದೇಶದಲ್ಲಿ ಯಾರಾದರೂ ನಮ್ಮ ಭಾಷೆಯಲ್ಲಿ ನಮ್ಮನ್ನು ಹಾಸ್ಯ ಮಾಡಿದರೆ ಎಷ್ಟು ಸಮಾಧಾನವಾಗುತ್ತದೆ ಎಂದು ಆವತ್ತು ಗೊತ್ತಾಯಿತು. ನಾನು ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಅವಳ ಗಂಡನಿಗೆ ಬಿಡಿಭಾಗಗಳ ಅಂಗಡಿ. ನಮ್ಮ ಶಿವಪೂಜೆಯ ಮನೆಯವರಿಗೆ ತೊಂದರೆಯಾಗಬಾರದೆಂದು ಜುಲೇಖಾ ಹೊಸ ಪಾತ್ರೆ ತರಿಸಿ, ಒಂದು ಒಲೆ ಬೇರೆ ಹಚ್ಚಿಸಿಟ್ಟಿದ್ದಳು. ಆ ಊರಿನವರು ಹೌದು ಎನ್ನಲು ನಮ್ಮ ಹಾಗೇ ತಲೆಯನ್ನು ಅತ್ತಿತ್ತ ತೂಗುತ್ತಾರೆ. ಹಬ್ಬದ ದಿನ ತೆಂಗಿನ ಹಾಲಿನಲ್ಲಿ ಅನ್ನ ಬೇಯಿಸಿ, ಅದನ್ನು ಬರ್ಫಿಯಂತೆ ಕತ್ತರಿಸಿ ತಿನ್ನುತ್ತಾರೆ. ಚಹಾಕ್ಕೆ ಹಾಲೂ ಹಾಕುವುದಿಲ್ಲ, ಸಕ್ಕರೆಯನ್ನೂ ಹಾಕುವುದಿಲ್ಲ. ಬೆಲ್ಲದ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಕಚ್ಚುತ್ತ ಕರಿ ನೀರು ಹೀರುತ್ತಾರೆ. ಕಾಫಿ ಇಲ್ಲವೇ ಇಲ್ಲ. ಒಂದು ಕಾಲದಲ್ಲಿ ಆ ಬೆಟ್ಟವೆಲ್ಲ ಕಾಫಿಯೇ ಇತ್ತಂತೆ; ಎಲೆಗೆ ರೋಗ ಬಂದು ಎಲ್ಲ ಹೋಗಿ ಚಹಾ ಬಂತಂತೆ. ಇದನ್ನು ಕೇಳಿ ಇವರಿಗೆ ತಮ್ಮದೇ ತೋಟ ಹೋದಷ್ಟು ಬೇಜಾರಾಯಿತು.

ನುವಾರ ಎಲಿಯ

ಕಾಫಿಯ ಕಣ್ಣಿಗೆ ಚಹಾ ತೋಟ ಬತ್ತಲೆ. ನಮ್ಮ ಕಡೆ ಮರದ ನೆರಳು, ಅದರ ಕೆಳಗೆ ಕಾಫಿ, ಅದರ ನಡುವೆ ದಾರಿ. ಒಂದು ತಿರುವಿನಲ್ಲಿ ನಿಂತರೆ ಮುಂದಿನ ತಿರುವು ಕಾಣುವುದಿಲ್ಲ. ಅಲ್ಲಿ ಮರವೇ ಇಲ್ಲ. ಬೆಟ್ಟಕ್ಕೆ ಕ್ಷೌರ ಮಾಡಿದ ಹಾಗೆ ಗಿಡ ಕತ್ತರಿಸಿರುತ್ತಾರೆ. ಮೇಲೆ ನಿಂತರೆ ಕೆಳಗಿನ ದಾರಿಯ ಸುತ್ತುಗಳೆಲ್ಲ ಒಟ್ಟಿಗೆ ಕಾಣುತ್ತವೆ. ಅಷ್ಟು ಬಯಲಿನಲ್ಲಿ ನಿಲ್ಲಲು ಮೊದಲು ನನಗೆ ನಾಚಿಕೆಯಾಯಿತು.

ಜುಲೇಖಾ ಗಂಡನ ಸಮೇತ ನಮ್ಮ ಜೊತೆಗೇ ಬಂದಿದ್ದಳು. ಅವಳ ಗಂಡನ ಗೆಳೆಯ ಫ್ರೆಡಿ ಎಂಬ ಪರಂಗಿ ಮುದುಕ ನಮಗೆ ಅಲ್ಲಿ ಗುರು. ವಯಸ್ಸಿನಲ್ಲಿ ದೊಡ್ಡ ಸವಾರನಾಗಿದ್ದೆ ಎಂದು ಆತ ಹೇಳುತ್ತಿದ್ದ. ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಒಂದು ಮೊಣಕಾಲು ಮಡಚಲು ಬರದು. ಆದರೂ ವರಾಂಡದ ಬೆಂಚಿನ ಮೇಲೆ ಕುದುರೆ ಏರಿದ ಹಾಗೆ ಕೂತು ಪಾಠ ಮಾಡುತ್ತಿದ್ದ. ಮೊಣಕಾಲಿನಿಂದ ಟ್ಯಾಂಕನ್ನು ಅಪ್ಪಿಕೋ. ಎದೆ ತಗ್ಗಿಸು. ಕೈಗೆ ಭಾರ ಕೊಡಬೇಡ, ಕಾಲಿಗೆ ಕೊಡು. ಕಣ್ಣು ಚಕ್ರದ ಮುಂದೆ ಬೇಡ, ತಿರುವಿನ ಆಚೆಗಿರಲಿ. ತಿರುವು ಯಾವ ಕಡೆಗೋ ಆ ಕಡೆಯ ಭುಜ ಮೊದಲು ಇಳಿಯಲಿ, ಮೈ ಒಳಕ್ಕೆ ಹೋಗಲಿ. ನೀನು ಒಳಕ್ಕೆ ಹೋದಷ್ಟೂ ಗಾಡಿ ಕಡಿಮೆ ವಾಲಿದರೆ ಸಾಕು. ನೀನು ಹೊರಗೆ ಉಳಿದರೆ ನಿನ್ನ ಪಾಲನ್ನೂ ಗಾಡಿಯೇ ವಾಲಬೇಕು, ಆಗ ಅದು ಜಾರುತ್ತದೆ. ಹೀಗೆ ಹೇಳುತ್ತ ಬೆಂಚಿನ ಮೇಲೆ ಎಡಕ್ಕೂ ಬಲಕ್ಕೂ ವಾಲಿ ಒಮ್ಮೆ ಬೆಂಚಿನ ಸಮೇತ ಬಿದ್ದ. ಜುಲೇಖಾ ಬಾಯಿಗೆ ಸೆರಗು ತುರುಕಿಕೊಂಡು ಒಳಗೆ ಓಡಿದಳು.

ನಮ್ಮ ಗಾಡಿಯ ದೀಪ, ಕಂಬಿ, ಹಿಂದಿನ ಸೀಟು ಎಲ್ಲ ಬಿಚ್ಚಿಸಿದರು, ಹಗುರವಾಗಲಿ ಎಂದು. ನನ್ನ ಸೀಟು ಗೋಡೆಗೆ ಒರಗಿ ಕೂತಿತು. ಅಭ್ಯಾಸ ಶುರುವಾಯಿತು. ಎಡ ತಿರುವುಗಳಲ್ಲಿ ಇವರು ಊರಿನವರಿಗಿಂತ ಚೆನ್ನಾಗಿದ್ದರಂತೆ. ಬಲ ತಿರುವು ಬಂದರೆ ಮಾತ್ರ ಗಾಡಿ ದಾರಿಯ ಹೊರ ಅಂಚಿಗೆ ಹೋಗುತ್ತದೆ, ಕಾಲಿಡುವ ಕಡ್ಡಿ ನೆಲಕ್ಕೆ ಉಜ್ಜಿ ಕಿಡಿ ಹಾರುತ್ತದೆ. ಹಡಗಿನ ಏಟು ಎಲ್ಲರಿಗೂ ನೆನಪಾಯಿತು. ಹ್ಯಾಂಡಲ್ ಸೊಟ್ಟಗಾಗಿದೆ ಎಂದು ಫ್ರೆಡಿ ತೀರ್ಪು ಕೊಟ್ಟ. ಮುಂದಿನ ಭಾಗವನ್ನೆಲ್ಲ ಬಿಚ್ಚಿ, ದಾರ ಹಿಡಿದು ಅಳೆದು, ಕಾಯಿಸಿ ಬಡಿದು ಜೋಡಿಸುವಷ್ಟರಲ್ಲಿ ಇಡೀ ದಿನ ಹೋಯಿತು. ಮರುದಿನ ನೋಡಿದರೆ ಮತ್ತದೇ. ಎಡಕ್ಕೆ ಬೆಣ್ಣೆ, ಬಲಕ್ಕೆ ಕಿಡಿ.

ಆವತ್ತು ಸಂಜೆ ಇವರು ಊಟ ಮಾಡಲಿಲ್ಲ. "ಮೈಯೇ ಮಾತು ಕೇಳಾಕಿಲ್ಲ ಅಂತೈತೆ ಕಣೆ. ಬಲಕ್ಕೆ ಬಂದ್ರೆ ಯಾರೋ ಹಿಡ್ಕೊಂಡಂಗಾಯ್ತದೆ," ಎಂದರು. ಮಂಡಿಯ ಗಲ್ಲಾದ ಹಿಂದೆ ಕೂತವರ ಹಾಗೆ ಆಗಲೇ ಬೆನ್ನು ಬಾಗಿತ್ತು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಬಲ ತಿರುವು

ಮರುದಿನ ಬೆಳಗ್ಗೆ ನಾನೂ ನೋಡುತ್ತೇನೆ ಎಂದೆ. ಜುಲೇಖಾಳನ್ನೂ ಕರೆದುಕೊಂಡು ಚಹಾ ಗಿಡಗಳ ನಡುವೆ ಏರು ಹತ್ತಿ ಒಂದು ಬಲ ತಿರುವಿನ ಮೇಲ್ಗಡೆ ನಿಂತೆ.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ಆ ಬೈಕಿನ ಮೇಲೆ ನಾನು ತಿರುಗಿದ್ದು ಎಷ್ಟೋ. ಅವರ ಕತ್ತಿನ ಹಿಂದಿನ ಮಚ್ಚೆ, ಕಾಲರಿನ ಹೊಲಿಗೆ, ಬೆವರಿದಾಗ ಬೆನ್ನಿನ ಮೇಲೆ ಬೀಳುವ ಕಲೆಯ ಆಕಾರ, ಎಲ್ಲ ನನಗೆ ಬಾಯಿಪಾಠ. ಆದರೆ ಅವರು ಬೈಕು ಓಡಿಸುವುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಹೇಗೆ ನೋಡಲಿ, ಹಿಂದೆ ಕೂತಿದ್ದವಳು.

ಕೆಳಗಿನಿಂದ ಬಂದರು. ಎಡ ತಿರುವಿನಲ್ಲಿ ಮೈಯೂ ಗಾಡಿಯೂ ಒಂದೇ ಆಗಿ ಮಲಗಿ ಎದ್ದದ್ದು ಎಷ್ಟು ಚೆನ್ನಾಗಿತ್ತೆಂದರೆ ನನಗೆ ಅವರನ್ನು ಹೊಸದಾಗಿ ಮದುವೆಯಾಗಬೇಕು ಅನ್ನಿಸಿತು. ಆಮೇಲೆ ನಮ್ಮ ಬಲ ತಿರುವು. ಗಾಡಿ ಬಲಕ್ಕೆ ವಾಲಿತು. ಅವರ ಬಲ ಭುಜ ಮೇಲಕ್ಕೆ ಎದ್ದಿತು. ಬೆನ್ನು ಬಿಗಿಯಾಗಿ ನೆಟ್ಟಗೆ ನಿಂತಿತು, ಇಡೀ ಮೈ ಎಡಕ್ಕೆ ಎಳೆದುಕೊಂಡಿತು. ಬೀಳುತ್ತಿರುವ ಯಾರನ್ನೋ ಎತ್ತಿ ಹಿಡಿದಿರುವ ಹಾಗೆ.

ನನ್ನ ಬಲ ಅಂಗೈ ತಾನಾಗಿಯೇ ಮುಚ್ಚಿಕೊಂಡಿತು. ಆ ಭುಜ ಹಾಗೆ ಏಳುವುದನ್ನು ನಾನು ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಕೈಗೆ ಮಾತ್ರ ಅದು ಹಳೆಯ ಪರಿಚಯ.

"ಹ್ಯಾಂಡಲ್ ಸೊಟ್ಟಗಿಲ್ಲ ಕಣೆ ಜುಲೇಖಾ," ಎಂದೆ. "ಅಲ್ಲಿ ನಾನು ಕೂತಿದೀನಿ."

"ಏನಕ್ಕ?"

"ಹಿಂದ್ಗಡೆ. ನಾನು ಬೀಳ್ದಂಗೆ ಹಿಡ್ಕೊಂಡವ್ರೆ."

ಜುಲೇಖಾ ನನ್ನ ಮುಖ ನೋಡಿದಳು, ಕೆಳಗಿನ ದಾರಿ ನೋಡಿದಳು. ಸೀಟೇ ಇಲ್ಲದ ಗಾಡಿಯ ಹಿಂಭಾಗ ದೂರ ಹೋಗುತ್ತಿತ್ತು. "ನೋಡಿದ್ರೆ ಹಂಗೇ ಐತೆ ಅಲ್ವಾ," ಎಂದು ಮೆಲ್ಲಗೆ ಹೇಳಿದಳು.

ಇಳಿದು ಬಂದು ಫ್ರೆಡಿಗೆ ಹೇಳಿಸಿದೆ. ನಾನು ಅಡ್ಡಡ್ಡ ಕೂರುವ ರೀತಿಯನ್ನು ಬೆಂಚಿನ ಮೇಲೆ ಕೂತು ತೋರಿಸಿದೆ. ಅಲ್ಲಿಯವರೆಗೆ ತನಗೇ ಎಲ್ಲ ಗೊತ್ತು ಎನ್ನುತ್ತಿದ್ದ ಮುದುಕ ಬೆಲ್ಲದ ಚೂರನ್ನು ಕೈಯಲ್ಲೇ ಹಿಡಿದು ಯೋಚಿಸಿದ. ಇವರು ಮಾತ್ರ ಒಪ್ಪಲಿಲ್ಲ. "ನಾನೆಲ್ಲಿ ಭುಜ ಎತ್ತುತೀನಿ? ನಂಗೊತ್ತಾಗಾಕಿಲ್ವಾ?" ಎಂದು ನನ್ನ ಮೇಲೆಯೇ ರೇಗಿದರು. ಬೆಂಚಿನ ಮೇಲೆ ಅವರನ್ನು ಕೂರಿಸಿ, ಹಿಂದೆ ನಾನು ಅಡ್ಡ ಕೂತೆ. ಜುಲೇಖಾ ಮತ್ತು ಅವಳ ಗಂಡ ಬೆಂಚನ್ನು ಬಲಕ್ಕೆ ಓರೆಮಾಡಿದರು. ಭುಜ ಎದ್ದಿತು. ಅವರೇ ತಲೆ ತಿರುಗಿಸಿ ನೋಡಿಕೊಂಡರು.

ಮದ್ದನ್ನು ಹೇಳಿದವನು ಫ್ರೆಡಿ. ಬಿಚ್ಚಿದ ಸೀಟನ್ನು ಮತ್ತೆ ಹಾಕು, ಅವಳನ್ನೇ ಹಿಂದೆ ಕೂರಿಸು, ಆದರೆ ಎರಡೂ ಕಡೆ ಕಾಲು ಹಾಕಿ. ಭುಜಕ್ಕೆ ಕಲಿಸಿದ ಕೈಯೇ ಭುಜಕ್ಕೆ ಮರೆಸಲಿ.

ನಾನು ಜುಲೇಖಾಳ ಪೈಜಾಮ ಹಾಕಿಕೊಂಡೆ. ಮೇಲೆ ಸೀರೆಯನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಮ್ಮೂರಿನವರು ಯಾರೂ ಇಲ್ಲ ಎಂದು ಎರಡು ಸಲ ಸುತ್ತ ನೋಡಿ ಕಾಲು ಎತ್ತಿ ಆಚೆ ಹಾಕಿದೆ. ಜೀವಮಾನದಲ್ಲಿ ಮೊದಲ ಸಲ ದಾರಿ ನನ್ನ ಎದುರಿಗಿತ್ತು. ಇಷ್ಟು ವರ್ಷ ನಾನು ಸಕಲೇಶಪುರದ ದಾರಿಯ ಎಡ ಪಕ್ಕವನ್ನಷ್ಟೇ ನೋಡಿದ್ದೆ ಎಂದು ಆಗ ಹೊಳೆದು ನಗು ಬಂತು.

ನಗು ಮೊದಲ ಬಲ ತಿರುವಿನವರೆಗೆ. ಗಾಡಿ ವಾಲಿದೊಡನೆ ನೆಲ ಬಲಗಡೆಯಿಂದ ಎದ್ದು ಮುಖಕ್ಕೆ ಬಂದಂತಾಗಿ ನಾನು ಎಡಕ್ಕೆ ಹಾರಿಕೊಂಡೆ. ಭುಜವೂ ಎದ್ದಿತು. ಇಬ್ಬರೂ ಸೇರಿ ಗಾಡಿಯನ್ನು ನೇರ ಚಹಾ ಗಿಡಗಳ ಮೇಲೆ ಹತ್ತಿಸಿದೆವು. ನಿಧಾನಕ್ಕೆ ಹೋಗುತ್ತಿದ್ದದ್ದರಿಂದ ಏನೂ ಆಗಲಿಲ್ಲ. ಎಲೆ ಕೀಳುತ್ತಿದ್ದ ತಮಿಳು ಹೆಂಗಸರು ನಮ್ಮನ್ನು ಬಿಡಿಸಿ, ನನ್ನ ಪೈಜಾಮ ನೋಡಿ, ಏನೋ ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕರು. ಅವರ ನಗುವಿನಿಂದಲೇ ನನಗೆ ಹಟ ಬಂದದ್ದು.

ಮತ್ತೆ ಹತ್ತಿದೆವು. ಈ ಸಲ ಬಲ ತಿರುವು ಬರುವ ಮೊದಲೇ ನಾನು ಕಣ್ಣು ತೆರೆದುಕೊಂಡೇ ಬಲಕ್ಕೆ ಬಗ್ಗಿದೆ. ಬಲಗೈಯಿಂದ ಆ ಭುಜವನ್ನು ಹಿಟ್ಟು ನಾದುವಷ್ಟು ಜೋರಾಗಿ ಕೆಳಕ್ಕೆ ಒತ್ತಿದೆ. ಭುಜ ಎದುರು ಒತ್ತಿತು. ನಾನು ಬಿಡಲಿಲ್ಲ. ಮೇಲೆ ಹೋಗಿ, ಕೆಳಗೆ ಬಂದು, ಮತ್ತೆ ಮೇಲೆ ಹೋಗಿ, ಎಷ್ಟು ಸಲವೋ ಲೆಕ್ಕವಿಲ್ಲ. ಸೂಜಿ ಚುಚ್ಚಿದ್ದ ತೋಳು ರಾಗಿಮುದ್ದೆಯ ಹಾಗೆ ಊದಿತು. ಬೆಟ್ಟ ಇಳಿಯುವಾಗ ಮಾತ್ರ ನಾವು ಹಳೆಯ ನಾವೇ ಆಗುತ್ತಿದ್ದೆವು.

"ಗೆಲ್ಲದಿದ್ರೆ ಅಣ್ಣ ಮಾರಿಸ್ತಾನೆ ಕಣೆ," ಎಂದರು ಇವರು.

"ಗೊತ್ತು."

"ಆಮೇಲೆ ಬಸ್ಸಲ್ಲಿ ನೀನು ಮುಂದೆ ಹೆಂಗಸ್ರ ಜೊತೆ, ನಾನು ಹಿಂದೆ."

"ಅದೂ ಗೊತ್ತು. ಈಗ ಭುಜ ಇಳ್ಸಿ," ಎಂದೆ.

ಎರಡನೆಯ ದಿನ ಹೊತ್ತೇರುವ ಹೊತ್ತಿಗೆ ನನ್ನ ಕೈ ಒತ್ತುವ ಮೊದಲೇ ಭುಜ ತಾನಾಗಿ ಇಳಿಯತೊಡಗಿತು. ಆಮೇಲೆ ಒಂದು ತಿರುವಿನಲ್ಲಿ ನಾನು ಕೈ ತೆಗೆದೆ. ಭುಜ ಇಳಿಯಿತು, ಮೈ ಒಳಕ್ಕೆ ಹೋಯಿತು, ಗಾಡಿ ದಾರದ ಮೇಲೆ ನಡೆದ ಹಾಗೆ ತಿರುಗಿತು. "ಕೈ ತೆಗ್ದ್ಯಾ?" ಎಂದು ಕೇಳಿದರು. ತೆಗೆದೆ ಎಂದೆ. ಇಬ್ಬರಿಗೂ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ನನಗೆ ಅಲ್ಲೇ ಎಲ್ಲೋ ಸಣ್ಣಗೆ ನೋವಾಯಿತು; ನಾನು ಬೀಳದಂತೆ ಹಿಡಿದಿದ್ದ ಭುಜವನ್ನು ನಾನೇ ಕೈಯಾರೆ ಬಿಡಿಸಿದ್ದೆ.

ಪಂದ್ಯದ ದಿನ

ಬೆಳಗ್ಗೆ ಮಂಜು ಬಿದ್ದಿತ್ತು, ನಮ್ಮ ಮಂಜರಾಬಾದ್ ಕೋಟೆಯ ಕೆಳಗೆ ಬೀಳುವಂಥದ್ದೇ. ಅದು ಹರಿದ ಮೇಲೆ ನೋಡಿದರೆ ಬೆಟ್ಟದ ತುಂಬ ಜನ. ಫ್ರಾಕು ಹಾಕಿದ ಪರಂಗಿ ಹೆಂಗಸರು ಕೊಡೆ ಬಿಡಿಸಿಕೊಂಡು, ಸಿಂಹಳದ ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಕೂರಿಸಿಕೊಂಡು, ತೋಟದ ಲೈನ್ ಮನೆಗಳ ಕೂಲಿಯವರು ಬುಟ್ಟಿ ಸಮೇತ. ನಮ್ಮ ಕಡೆ ಆಗಿದ್ದರೆ ಇಷ್ಟು ಜನ ದಾರಿಯ ಮಧ್ಯಕ್ಕೇ ಬಂದು ನಿಲ್ಲುತ್ತಿದ್ದರು. ಅಲ್ಲಿ ಒಂದು ಹಗ್ಗ ಕಟ್ಟಿದ್ದರೆ ಯಾರೂ ಅದನ್ನು ದಾಟಲಿಲ್ಲ.

ಇವರ ಬೆನ್ನಿಗೆ ನಂಬರಿನ ಬಟ್ಟೆ ಕಟ್ಟಿದವಳು ನಾನೇ. ನನ್ನ ಸೀಟು ಮತ್ತೆ ಗೋಡೆಗೆ ಒರಗಿತ್ತು. ನಾನು ಜುಲೇಖಾಳ ಜೊತೆ ಅದೇ ಬಲ ತಿರುವಿನ ಮೇಲೆ ಹೋಗಿ ನಿಂತೆ.

ಒಬ್ಬೊಬ್ಬರಾಗಿ ಬಂದರು. ಯಾರು ಹೇಗೆ ಬಂದರೋ ನನಗೆ ನೆನಪಿಲ್ಲ. ಕೆಳಗೆ ನಮ್ಮ ಗಾಡಿಯ ಸದ್ದು ಕೇಳಿದಾಗ ಜುಲೇಖಾ ನನ್ನ ಊದಿದ ತೋಳನ್ನೇ ಹಿಡಿದುಕೊಂಡಳು, ನೋವು ಗೊತ್ತಾಗಲಿಲ್ಲ. ಎಡ ತಿರುವು ದಾಟಿತು. ಬಲ ತಿರುವಿಗೆ ಬಂದರು. ಗಾಡಿ ವಾಲುವ ಮೊದಲೇ ಬಲ ಭುಜ ಇಳಿಯಿತು. ತಲೆ ಒಳಕ್ಕೆ ಹೋಯಿತು, ಮೈ ಅದರ ಹಿಂದೆ ಹೋಯಿತು. ಕಿಡಿ ಹಾರಲಿಲ್ಲ, ಗಾಡಿ ಅಂಚಿಗೆ ಹೋಗಲಿಲ್ಲ. ನಮ್ಮ ಕಣ್ಣ ಕೆಳಗೇ ಸುಯ್ಯೆಂದು ಹಾದು ಹೋದರು.

ಅವರ ಹಿಂದೆ ಯಾರೂ ಇರಲಿಲ್ಲ. ನಾನು ಸರಿಯಾಗಿ ನೋಡಿದೆ. ಒಬ್ಬರೇ ಇದ್ದರು.

ಮುನ್ನೂರೈವತ್ತು ಸಿಸಿ ಗಾಡಿಗಳ ತರಗತಿಯಲ್ಲಿ ಇವರು ಮೂರನೆಯವರಾಗಿ ಬಂದರು. ಬಹುಮಾನದ ಕಪ್ಪು ಮೊದಲಿಬ್ಬರಿಗೆ. ಮೂರನೆಯವರಿಗೆ ಮರದ ಪೆಟ್ಟಿಗೆಯಲ್ಲಿ ಮೇಲ್ದರ್ಜೆಯ ಚಹಾಪುಡಿ. ಬಹುಮಾನ ಕೊಟ್ಟ ದೊರೆಸಾನಿ ಅದನ್ನು ಇವರ ಕೈಗಿಟ್ಟಾಗ ಫ್ರೆಡಿ ತಾನೇ ಗೆದ್ದವನಂತೆ ಕೈ ಬೀಸಿದ. ಜುಲೇಖಾ ನನ್ನ ಕಿವಿಯಲ್ಲಿ, "ಕಾಫಿ ಮಂಡಿಗೆ ಟೀ ಪುಡಿ ತಗೊಂಡ್ ಹೋಯ್ತೀರಲ್ಲ ಗಿರಿಜಕ್ಕ, ನಿಮ್ ಭಾವ ಬಾಗ್ಲು ತೆಗೀತಾರ?" ಎಂದಳು. ಇಬ್ಬರೂ ನಕ್ಕೆವು. ಆ ನಗುವಿನಲ್ಲೇ ಅರ್ಧ ಹೆದರಿಕೆ ಇತ್ತು.

ಹಾಸನದಿಂದ ಆಲೂರಿಗೆ

ಹಾಸನದ ಸ್ಟೇಷನ್ನಿನಲ್ಲಿ ಗಾಡಿ ಇಳಿಸಿ, ಚಹಾ ಪೆಟ್ಟಿಗೆಯನ್ನು ಟ್ಯಾಂಕಿನ ಮೇಲೆ ಬಿಗಿದು ಹೊರಟೆವು. ಸೀಟು ಅದರ ಜಾಗದಲ್ಲಿತ್ತು. ನಮ್ಮ ಜಿಲ್ಲೆಗೆ ಬಂದ ಮೇಲೆ ನಮ್ಮ ಮಾನ ಮರ್ಯಾದೆಯೂ ವಾಪಸ್ ಬರುತ್ತದಲ್ಲ, ನಾನು ಅಡ್ಡಡ್ಡ ಕೂತೆ.

ಊರು ದಾಟಿ ಮೊದಲ ಬಲ ತಿರುವು ಬಂತು. ಇವರು ಹೊಸದಾಗಿ ಕಲಿತ ಹಾಗೆ ಭುಜ ಇಳಿಸಿದರು. ನಾನು ಹಿಡಿದಿದ್ದದ್ದು ಕೈ ಕೆಳಗಿನಿಂದ ಜಾರಿ ಹೋಯಿತು, ನಾನು ಹಿಂದಕ್ಕೆ ಅಂಗಾತ ಹೋದೆ. ಅವರ ಕಾಲರು ಸಿಗದಿದ್ದರೆ ಆ ಹಳ್ಳದಲ್ಲೇ ನನ್ನ ಪ್ರವಾಸ ಮುಗಿಯುತ್ತಿತ್ತು. ಗಾಡಿ ನಿಂತಿತು. ಇವರು ಹಿಂದಕ್ಕೆ ತಿರುಗಿ ನೋಡಿದರು.

"ನಿಧಾನಕ್ಕೆ ಹೋಯ್ತೀನಿ. ಮೊದ್ಲಿನಂಗೆ ಭುಜ ಎತ್ಕಂಡೇ ಹೋಯ್ತೀನಿ ಬುಡು," ಎಂದರು.

ಅದಕ್ಕೆ ನಾನು ಒಪ್ಪಲಿಲ್ಲ. ಅಷ್ಟು ಕಷ್ಟಪಟ್ಟು ಇಳಿಸಿದ ಭುಜ. ಒಂದು ಹಲಸಿನ ಮರದ ಮರೆಗೆ ಹೋಗಿ, ನಮ್ಮಜ್ಜಿ ಗದ್ದೆಗೆ ಇಳಿಯುವಾಗ ಕಟ್ಟುತ್ತಿದ್ದ ಹಾಗೆ ಸೀರೆಗೆ ಕಚ್ಚೆ ಹಾಕಿಕೊಂಡು ಬಂದೆ. ಕಾಲು ಎತ್ತಿ ಆಚೆ ಹಾಕಿ ಕೂತೆ. ಆಲೂರಿನ ಒಳಗೂ ಹಾಗೇ ಹೋದೆವು. ತಾಲ್ಲೂಕು ಕಚೇರಿಯ ಮುಂದೆ ಬಸ್ಸು ಕಾಯುತ್ತಿದ್ದವರು ಬಸ್ಸು ಮರೆತು ನಮ್ಮನ್ನು ನೋಡಿದರು. ನಾನು ದಾರಿಯನ್ನೇ ನೋಡುತ್ತಿದ್ದೆ.

ಭಾವನವರು ಮಂಡಿಯ ಜಗಲಿಯಲ್ಲಿ ರೈತರ ಜೊತೆ ಕೂತಿದ್ದರು. ನಮ್ಮವರು ಪೆಟ್ಟಿಗೆ ಇಳಿಸಿ ಅಣ್ಣನ ಮುಂದಿಟ್ಟು ಮೂರನೆಯವನಾಗಿ ಬಂದೆ ಎಂದರು. ಬಾಗಿಲು ಭಾವನವರ ಆಚೆಗಿತ್ತು, ಹಾಗಾಗಿ ನಾನು ಬೈಕಿನ ಪಕ್ಕದಲ್ಲೇ ನಿಲ್ಲಬೇಕಾಯಿತು. ಅವರು ಪೆಟ್ಟಿಗೆಯ ಮೇಲಿದ್ದ ಮುದ್ರೆಯನ್ನು ಉಗುರಿನಿಂದ ಕೆರೆದು ನೋಡಿದರು, ಮುಚ್ಚಳ ತೆಗೆಸಿದರು, ಒಂದು ಚಿಟಿಕೆ ಮೂಸಿದರು. "ಸಮುದ್ರ ದಾಟ್ ಹೋಗಿ ಟೀ ಗೆದ್ಕಂಡ್ ಬಂದ," ಎಂದರು ರೈತರಿಗೆ. ಆದರೆ ಮುಖದಲ್ಲಿ ನಗು ಇತ್ತು, ಸ್ವಲ್ಪ ಹೆಮ್ಮೆಯೂ ಇತ್ತು. "ಆಯ್ತು. ಮೂರನೇದಾದ್ರೂ ಗೆದ್ದಂಗೆಯ. ಬೈಕು ಇಟ್ಕೊ."

ನನಗೆ ಉಸಿರು ಬಂತು. ಅಷ್ಟರಲ್ಲಿ ಅವರ ದನಿ ಗಟ್ಟಿಯಾಯಿತು.

"ಆದ್ರೆ ಅವ್ಳು ಹಂಗೆ ಗಂಡಸ್ರಂಗೆ ಕೂತ್ಕಂಡು ಊರೊಳೀಕೆ ಬರಕೂಡ್ದು. ಮೊದ್ಲಿನಂಗೆ ಕೂರೋದಾದ್ರೆ ಕೂರ್ಲಿ, ಇಲ್ದಿದ್ರೆ ಮನೇಲಿರ್ಲಿ."

ನಮ್ಮವರು ಅಣ್ಣನ ಮಾತಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ. ಆವತ್ತೂ ಅವರು ದನಿ ಏರಿಸಲಿಲ್ಲ. ತಲೆ ತಗ್ಗಿಸಿಕೊಂಡು, ಕಾಫಿ ಬೆಲೆ ಹೇಳುವಷ್ಟು ಸಾಧಾರಣವಾಗಿ ಹೇಳಿದರು: "ಅವ್ಳು ಹಂಗೆ ಕೂರ್ಲಿಲ್ಲ ಅಂದ್ರೆ ನಂಗೆ ಬಲಕ್ಕೆ ತಿರುಗ್ಸಾಕೇ ಬರಾಕಿಲ್ಲ ಕಣಣ್ಣ."

ಭಾವನವರು ತಮ್ಮನನ್ನು ನೋಡಿದರು, ಆಮೇಲೆ ಆ ಮನೆಗೆ ನಾನು ಬಂದಾಗಿನಿಂದ ಮೊದಲ ಸಲ ನೇರ ನನ್ನ ಕಡೆ ತಿರುಗಿದರು.

"ಹೌದೇನಮ್ಮ?"

ಆ ಬಲ ತಿರುವಿನ ಮೇಲೆ ನಿಂತು, ಅವರು ಒಬ್ಬರೇ ಎಷ್ಟು ಚೆನ್ನಾಗಿ ತಿರುಗಿಸಿದರೆಂದು ಕಣ್ಣಾರೆ ನೋಡಿದವಳು ಇಡೀ ಆಲೂರಿನಲ್ಲಿ ನಾನೊಬ್ಬಳೇ.

"ಹೌದು ಭಾವ," ಎಂದೆ.